ಬದಲಿಯವರ ಮನಸ್ಸು

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ‘ಬದಲಿ’ ಎಂಬುದು ಮನುಷ್ಯರ ಹೆಸರಾಗಿತ್ತು. ಕಾಯಂ ಕೆಲಸಗಾರನೊಬ್ಬ ಆ ದಿನ ಬಾರದಿದ್ದರೆ ಅವನ ಮಗ್ಗದ ಮುಂದೆ ನಿಲ್ಲಲು ಒಳಗೆ ಕರೆಸಿಕೊಳ್ಳುತ್ತಿದ್ದ ಆಳು ಬದಲಿ. ಅವನಿಗೆ ಕೆಲಸ ಗೊತ್ತಿತ್ತು. ಗಿರಣಿ ಗೊತ್ತಿತ್ತು, ಅದರ ಭೋಂಗಾ ಕೂಗುವ ಹೊತ್ತೂ ಗೊತ್ತಿತ್ತು. ನಾಳೆ ತನಗೆ ಕೆಲಸ ಉಂಟೋ ಇಲ್ಲವೋ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಪರೇಲ್, ಲಾಲ್‌ಬಾಗ್, ಶಿವಡಿ, ವರಳಿಗಳು ಸೇರಿದ ಗಿರಣಗಾಂವದಲ್ಲಿ ಹಲವು ತಲೆಮಾರಿನ ಜನ ಈ ಅನಿಶ್ಚಯವನ್ನು ಇಟ್ಟುಕೊಂಡೇ ಮದುವೆಯಾದರು, ಮಕ್ಕಳನ್ನು ಓದಿಸಿದರು, ಊರಿಗೆ ಮನಿಯಾರ್ಡರ್ ಕಳಿಸಿದರು.

ಈಗ ನಾವು ಗಿಗ್ ಎಂದು ಕರೆಯುವ ಕೆಲಸ, ಅಂದರೆ ಮೊಬೈಲಿನ ಆ್ಯಪ್ ಹಂಚಿಕೊಡುವ ಬಿಡಿಬಿಡಿ ಕೆಲಸ, ತೀರ ಹೊಸದೆಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದನ್ನು ಮಾಡುವವರ ಮನಸ್ಸಿನ ಬಗ್ಗೆಯೂ ಈಚೆಗೆ ಬಹಳ ಬರೆಯುತ್ತಿದ್ದಾರೆ. ಆತಂಕ, ನಿದ್ದೆಗೇಡು, ಒಂಟಿತನ, ಏನಾದರೂ ತನ್ನದೇ ತಪ್ಪೆಂದುಕೊಳ್ಳುವ ಅಭ್ಯಾಸ, ಹೀಗೆ ಪಟ್ಟಿ ಬೆಳೆಯುತ್ತದೆ. ಕೊನೆಗೆ ಧ್ಯಾನ ಮಾಡಿ, ಆಪ್ತಸಲಹೆ ಪಡೆಯಿರಿ ಎಂಬ ಬುದ್ಧಿಮಾತು. ಈ ಬುದ್ಧಿಮಾತನ್ನು ನಾನು ಹಳಿಯುವುದಿಲ್ಲ. ಆದರೆ ಈ ಮನಸ್ಸಿಗೆ ಒಂದು ಚರಿತ್ರೆಯಿದೆ. ಅದರ ದೊಡ್ಡ ಅಧ್ಯಾಯವೊಂದು ನಡೆದದ್ದು ನಾವು ಹೊಟ್ಟೆಪಾಡಿಗೆ ಬಂದು ನೆಲೆಸಿದ ಇದೇ ಮುಂಬಯಿಯಲ್ಲಿ. ಅದನ್ನು ಓದಿದವರಿಗೆ ಔಷಧ ಇನ್ನೊಂದು ಕಡೆಯೂ ಇದೆ ಎಂದು ಕಾಣುತ್ತದೆ.

ಗೇಟಿನ ಮುಂದಿನ ಬೆಳಗು

ಕಾವಸ್‌ಜಿ ನಾನಾಭಾಯಿ ದಾವರ್ ಎಂಬ ಪಾರಸಿ ವ್ಯಾಪಾರಿ 1854ರಲ್ಲಿ ಮುಂಬಯಿಯ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ. ಆ ಶತಮಾನ ಮುಗಿಯುವಷ್ಟರಲ್ಲಿ ನಗರದ ಆಕಾಶದ ತುಂಬ ಚಿಮಣಿಗಳಿದ್ದವು. ಕೊಂಕಣದಿಂದ, ದೇಶಾವರದ ಘಟ್ಟದ ಸೀಮೆಯಿಂದ ಜನ ಬಂದರು. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವನು ಮಾಲೀಕನಲ್ಲ, ಮ್ಯಾನೇಜರನೂ ಅಲ್ಲ. ಅವನು ಜಾಬರ್, ನಮ್ಮ ಮಾತಿನಲ್ಲಿ ಮುಕಾದಮ. ಆಳು ತರುವುದು, ಕೆಲಸ ಹಂಚುವುದು, ರಜೆ ಕೊಡುವುದು, ತೆಗೆದುಹಾಕುವುದು, ಎಲ್ಲ ಅವನ ಕೈಯಲ್ಲಿತ್ತು. ಎಷ್ಟೋ ಕಡೆ ಮಲಗಲು ಕೋಣೆ ತೋರಿಸುವವನೂ, ಕಷ್ಟಕ್ಕೆ ಸಾಲ ಕೊಡುವವನೂ ಅವನೇ. ಇದಕ್ಕೆಲ್ಲ ಅವನಿಗೆ ಸಲ್ಲಬೇಕಾದ ಕಾಣಿಕೆಗೆ ದಸ್ತೂರಿ ಎಂದು ಹೆಸರು. 1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ರಾಯಲ್ ಕಮಿಷನ್, ಅಂದರೆ ವಿಟ್ಲಿ ಆಯೋಗ, ಈ ಲಂಚದ ಪದ್ಧತಿಯನ್ನು ಕಂಡು, ಕೆಲಸಕ್ಕೆ ಸೇರಿಸುವ ಮತ್ತು ತೆಗೆಯುವ ಅಧಿಕಾರ ಜಾಬರನ ಕೈಯಲ್ಲಿ ಇರಕೂಡದೆಂದು ಹೇಳಿತು.

ಬದಲಿಗಳು ಬೆಳಗಿನ ಪಾಳಿಗೆ ಮೊದಲೇ ಗೇಟಿನ ಮುಂದೆ ನೆರೆಯುತ್ತಿದ್ದರು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಒಳಗೆ ಎಣಿಕೆಯಾಗುತ್ತಿತ್ತು. ಆಮೇಲೆ ಜಾಬರ್ ಬಂದು ಬೇಕಾದವರನ್ನು ಕರೆದುಕೊಳ್ಳುತ್ತಿದ್ದ. ಉಳಿದವರಿಗೆ ಆ ದಿನದ ಪಗಾರವಿಲ್ಲ. ಕಾದದ್ದಕ್ಕೂ ಏನೂ ಇಲ್ಲ.

ಗಿರಣಿಗೆ ಇದರಿಂದ ಲಾಭವಿತ್ತು. ಬಟ್ಟೆಯ ಬೇಡಿಕೆ ಏರಿಳಿಯುತ್ತಿತ್ತು. ಸುಗ್ಗಿಗೆ, ಮದುವೆಗೆ, ಹಬ್ಬಕ್ಕೆ ಕಾಯಂ ಆಳುಗಳು ಊರಿಗೆ ಹೋಗುತ್ತಿದ್ದರು. ಗೇಟಿನ ಹೊರಗೆ ಕೆಲಸ ಬಲ್ಲ ಜನ ನಿಂತಿದ್ದರೆ ಯಂತ್ರ ನಿಲ್ಲುವ ಭಯವಿಲ್ಲ. ಬೇಡಿಕೆ ಬಿದ್ದ ದಿನದ ನಷ್ಟ ಗಿರಣಿಯ ಲೆಕ್ಕಕ್ಕೆ ಬಾರದೆ, ಗೇಟಿನಿಂದ ಹಿಂದಿರುಗಿದವನ ಅಡುಗೆಮನೆಗೆ ಹೋಗುತ್ತಿತ್ತು. ಜಾಬರನಿಗೂ ಅನುಕೂಲವಿತ್ತು. ಹೆಚ್ಚು ಜನ ಕಾದಷ್ಟೂ ಅವನ ಒಂದು ಕಣ್ಸನ್ನೆಗೆ ಬೆಲೆ ಹೆಚ್ಚು.

ನಾನು ಈ ಊರಿಗೆ ಬಂದದ್ದು 1979ರಲ್ಲಿ, ಬ್ಯಾಂಕಿನ ಗುಮಾಸ್ತನಾಗಿ. ಲಾಲ್‌ಬಾಗಿನ ಚಾಳೊಂದರಲ್ಲಿ ಕಾಟ್ ಬೇಸಿಸ್ ಮೇಲೆ ಇದ್ದೆ. ಅಷ್ಟು ಹೊತ್ತಿಗೆ ಜಾಬರನ ದರ್ಬಾರು ಮುಗಿದಿತ್ತು, ಬದಲಿಗಳು ಮಾತ್ರ ಇದ್ದರು. ಎದುರು ಕೋಣೆಯವರು ಸಿಂಧುದುರ್ಗದ ಕಡೆಯವರು, ವಯಸ್ಸು ನಲವತ್ತರ ಹತ್ತಿರ, ಇನ್ನೂ ಬದಲಿ. ಕೆಲಸ ಸಿಗುವುದೋ ಇಲ್ಲವೋ ತಿಳಿಯುವ ಮೊದಲೇ ಅವರ ಹೆಂಡತಿ ಡಬ್ಬಿ ಕಟ್ಟಬೇಕಿತ್ತು. ಕೆಲಸ ಸಿಗದ ದಿನ ಎಂಟು ಗಂಟೆಗೆಲ್ಲ ಅವರು ತುಂಬಿದ ಡಬ್ಬಿಯೊಂದಿಗೆ ಮರಳುತ್ತಿದ್ದರು. ಆದರೆ ನೇರ ಕೋಣೆಗೆ ಬರುತ್ತಿರಲಿಲ್ಲ. ಎಲ್ಲಾದರೂ ಸುತ್ತಾಡಿ, ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಆ ಡಬ್ಬಿಯನ್ನು ಉಂಡು, ಖಾಲಿ ಡಬ್ಬಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಹೆಂಡತಿಗೆ ಎಲ್ಲ ಗೊತ್ತಿತ್ತು. ಚಾಳಿಗೂ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಕೆಲಸ ಸಿಗದಿರುವುದು ಗಿರಣಿಯ ಅಂದಿನ ಹಾಜರಿಯ ಲೆಕ್ಕ. ಅವರ ಯೋಗ್ಯತೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನಾಚಿಕೆ ಮಾತ್ರ ಅವರ ಪಾಲಿಗೆ ಬಂದಿತ್ತು.

ಆಸೆ ಎಂಬ ಹಗ್ಗ

ಸಿಗದ ಕೆಲಸಕ್ಕೆ ಮನುಷ್ಯ ದಿನವೂ ಯಾಕೆ ಬಂದು ನಿಲ್ಲುತ್ತಾನೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರಲ್ಲಿ ಒಬ್ಬ ಇಂಗ್ಲೆಂಡಿನ ವಿಲಿಯಂ ಬೆವರಿಜ್. ಲಂಡನ್ನಿನ ಹಡಗುಕಟ್ಟೆಗಳಲ್ಲೂ ಇದೇ ಆಟ ನಡೆದಿತ್ತು. ಕೂಲಿಗಳು ಗುಂಪಾಗಿ ನಿಲ್ಲುವುದು, ಮೇಸ್ತ್ರಿ ಬಂದು ಆರಿಸುವುದು, ಉಳಿದವರು ಮುಂದಿನ ಕರೆಗೆ ಕಾಯುವುದು. 1889ರ ದೊಡ್ಡ ಮುಷ್ಕರದಲ್ಲಿ ಅಲ್ಲಿಯ ಕೂಲಿಗಳು ಗಂಟೆಗೆ 6 ಪೆನ್ಸ್ ಕೂಲಿಯ ಜೊತೆಗೆ, ಒಮ್ಮೆ ಕರೆದರೆ ಕನಿಷ್ಠ 4 ಗಂಟೆಯ ಕೆಲಸ ಕೊಡಬೇಕೆಂದೂ ಕೇಳಿದ್ದರು. ಬೆವರಿಜ್ 1909ರಲ್ಲಿ ನಿರುದ್ಯೋಗದ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದರ ಸಾರ ಇಷ್ಟು: ಕೆಲಸವನ್ನು ಚೂರು ಚೂರು ಮಾಡಿ, ಯಾರಿಗೆ ಬೇಕಾದರೂ ಸಿಗಬಹುದು ಎಂಬಂತೆ ಹಂಚಿದರೆ, ಕೆಲಸಕ್ಕೆ ಬೇಕಾದವರಿಗಿಂತ ಹೆಚ್ಚು ಜನ ಸದಾ ಅಲ್ಲೇ ಉಳಿಯುತ್ತಾರೆ. ಪೂರ್ತಿ ಇಲ್ಲವೆಂದರೆ ಮನುಷ್ಯ ಬೇರೆ ದಾರಿ ಹುಡುಕಿಕೊಂಡು ಹೋಗುತ್ತಾನೆ. ಆಗೊಮ್ಮೆ ಈಗೊಮ್ಮೆ ಸಿಕ್ಕಿದರೆ ಹೋಗುವುದಿಲ್ಲ.

ಅರ್ಧ ಶತಮಾನದ ನಂತರ ಇದನ್ನೇ ಪ್ರಯೋಗಶಾಲೆಯಲ್ಲಿ ಪಾರಿವಾಳಗಳ ಮೇಲೆ ತೋರಿಸಿದರು. ಅಮೆರಿಕದ ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದರ ವಿವರಗಳಿವೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆಂದು ಗೊತ್ತಿಲ್ಲದ ಪಾರಿವಾಳ ಒಂದೇ ಸಮನೆ ಕುಕ್ಕುತ್ತಿರುತ್ತದೆ. ಕಾಳು ಬರುವುದು ನಿಂತ ಮೇಲೂ ಅದು ಬೇಗ ಬಿಡುವುದಿಲ್ಲ. ಜೂಜಿನ ಯಂತ್ರದ ಮುಂದೆ ಕೂತವನನ್ನು ಎದ್ದೇಳದಂತೆ ಹಿಡಿದಿಡುವುದೂ ಇದೇ. ಗಿರಣಿಯ ಜಾಬರ್ ಯಾವ ಪುಸ್ತಕವನ್ನೂ ಓದಿರಲಿಲ್ಲ. ಆದರೆ ಮೂರು ದಿನ ಕರೆಯದೆ ನಾಲ್ಕನೆಯ ದಿನ ಕರೆದರೆ ಆಳು ಐದನೆಯ ದಿನ ಇನ್ನೂ ಬೇಗ ಬಂದು ನಿಲ್ಲುತ್ತಾನೆಂದು ಅವನಿಗೆ ಅನುಭವದಿಂದ ಗೊತ್ತಿತ್ತು.

ಕಿಸೆಯೊಳಗಿನ ಗೇಟು

ಈಗ ನಾನಿರುವುದು ಡೊಂಬಿವಲಿಯಲ್ಲಿ. ನಮ್ಮ ಕಟ್ಟಡದ ಕೆಳಗೆ ಎರಡು ಹೋಟೆಲು, ಒಂದು ಔಷಧಿ ಅಂಗಡಿ. ಸಂಜೆಯಾದರೆ ಅವುಗಳ ಮುಂದೆ ಡೆಲಿವರಿ ಹುಡುಗರ ಬೈಕುಗಳ ಸಾಲು. ನಿವೃತ್ತಿಯಾದ ಮೇಲೆ ವಾಕಿಂಗ್ ಮುಗಿಸಿ ಅವರ ಜೊತೆ ಚಹಾ ಕುಡಿಯುತ್ತ ನಿಲ್ಲುವುದು ನನಗೆ ರೂಢಿ. ಅವರಲ್ಲೊಬ್ಬ ಕಲಬುರಗಿ ಜಿಲ್ಲೆಯವನು. ನಾನು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದುದನ್ನು ಕೇಳಿ ತಾನಾಗಿ ಬಂದು ಮಾತಾಡಿಸಿದ. ಅವನ ತಂದೆ ತಾಯಿ ಮೊದಲು ಕಲ್ಯಾಣದ ನಾಕಾದಲ್ಲಿ ನಿಂತು ಗೌಂಡಿ ಕೆಲಸಕ್ಕೆ ಹೋಗುತ್ತಿದ್ದರಂತೆ.

“ನಾಕಾ ಛಲೋ ಇತ್ತೇನೋ ಅನಸ್ತದ ಕಾಕಾ,” ಎಂದ ಒಂದು ದಿನ. “ಅಲ್ಲಿ ಹತ್ತು ಗಂಟಿತನಕ ಯಾರೂ ಕರೀಲಿಲ್ಲಂದ್ರ ಇವತ್ತ ಇಲ್ಲ ಅಂತ ಮನೀಗಿ ಬರ್ತಿದ್ರು. ನಂದು ಹಂಗಿಲ್ಲ. ರಾತ್ರಿ ಹನ್ನೊಂದಕ್ಕೂ ಬರಬಹುದು ಅಂತ ಕೂಡಬೇಕು.”

“ಆರ್ಡರ್ ಬಾರದಿದ್ದರೆ ಏನು ಮಾಡ್ತಿ ತಮ್ಮಾ?”

“ಏನ್ ಮಾಡ್ಲಿ? ಫೋನ್ ಬಂದ್ ಮಾಡಿ ಚಾಲೂ ಮಾಡ್ತೀನಿ. ಜಾಗಾ ಬದಲಿ ಮಾಡ್ತೀನಿ. ಮುಂಜಾನಿ ಒಂದು ಆರ್ಡರ್ ಬ್ಯಾಡ ಅಂದಿದ್ದೆ, ಅದಕ್ಕ ಸಿಟ್ಟಾಗ್ಯಾದೇನೋ ಅನಸ್ತದ.”

‘ಸಿಟ್ಟಾಗ್ಯಾದೇನೋ’ ಎಂಬ ಅವನ ಆ ಮಾತು ನನ್ನನ್ನು ಕೂರಿಸಿ ಯೋಚಿಸುವಂತೆ ಮಾಡಿತು. ಲೆಕ್ಕ ಹಾಕುವ ಒಂದು ವ್ಯವಸ್ಥೆಗೆ ಅವನು ಮುನಿಸನ್ನು ಆರೋಪಿಸುತ್ತಿದ್ದಾನೆ. ಯಾಕೆಂದರೆ ಕಾರಣ ಗೊತ್ತಿಲ್ಲದೆ ಮನುಷ್ಯ ಬಹಳ ಹೊತ್ತು ಇರಲಾರ. ಮಳೆ ಬಾರದಿದ್ದರೆ ದೇವರಿಗೆ ಸಿಟ್ಟು ಬಂದಿದೆ ಎಂದುಕೊಂಡಂತೆ, ಆರ್ಡರ್ ಬಾರದಿದ್ದರೂ ಯಾವುದೋ ತಪ್ಪಿಗೆ ಶಿಕ್ಷೆ ಎಂದುಕೊಳ್ಳುತ್ತಾನೆ. ಅವನ ಗೆಳೆಯರಲ್ಲೂ ಇಂಥ ನಂಬಿಕೆಗಳು ಹಲವು. ಇಂಥ ಮೂಲೆಯಲ್ಲಿ ನಿಂತರೆ ಬರುತ್ತದೆ, ಬ್ಯಾಟರಿ ಕಡಿಮೆಯಿದ್ದರೆ ಬರುವುದಿಲ್ಲ, ವಾರದ ಮೊದಲ ದಿನ ರಜೆ ಮಾಡಿದರೆ ಇಡೀ ವಾರ ಸಪ್ಪೆ. ಇವುಗಳಲ್ಲಿ ಯಾವುದು ನಿಜ, ಯಾವುದು ಬರೀ ಊಹೆ ಎಂದು ಹೇಳುವವರು ಯಾರೂ ಇಲ್ಲ. ಗಿರಣಿಯ ಬದಲಿಗೂ ಶಕುನಗಳಿದ್ದವು. ಆದರೆ ಅವನ ಮುಂದೆ ಜಾಬರ್ ಎಂಬ ಒಂದು ಮುಖವಿತ್ತು. ಆ ಮುಖಕ್ಕೆ ಕೈಮುಗಿಯಬಹುದಿತ್ತು, ದಸ್ತೂರಿ ಕೊಡಬಹುದಿತ್ತು, ಮೀರಿದರೆ ಬೈಯಬಹುದಿತ್ತು. ಜಾಬರನ ಮೇಲೆ ಕೈಮಾಡಿದ ಸಂಗತಿಗಳೂ ಗಿರಣಗಾಂವದ ಚರಿತ್ರೆಯಲ್ಲಿವೆ. ಈ ಹುಡುಗನ ಬೈಗುಳಕ್ಕೆ ಒಂದು ವಿಳಾಸವಿಲ್ಲ. ವಿಳಾಸವಿಲ್ಲದ ಬೈಗುಳ ಅವನ ಮೇಲೆಯೇ ತಿರುಗುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಗಿರಣಿಯ ಗೇಟಿನ ಮುಂದೆ ಕಾಯುವವರು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಇವತ್ತು ಐವತ್ತು ಜನ ಹಿಂದಿರುಗಿದರೆ, ತಪ್ಪು ತನ್ನೊಬ್ಬನದಲ್ಲ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಈಗ ಗೇಟು ಪ್ರತಿಯೊಬ್ಬನ ಕಿಸೆಯೊಳಗಿದೆ. ಬೈಕುಗಳ ಸಾಲಿನಲ್ಲಿ ಹತ್ತು ಜನ ನಿಂತಿದ್ದರೂ ಯಾರಿಗೆ ಎಷ್ಟು ಬಂತು, ಒಂದೇ ದೂರಕ್ಕೆ ಇಬ್ಬರಿಗೂ ಒಂದೇ ಹಣ ತೋರಿಸಿತೋ ಇಲ್ಲವೋ, ಕೇಳದೆ ತಿಳಿಯದು. ಕೇಳಲು ಸಂಕೋಚ, ಹೇಳಲೂ ಸಂಕೋಚ.

ಪಾಲುದಾರನ ದಣಿವು

ಆ್ಯಪ್‌ಗಳು ಇವರನ್ನು ಕೆಲಸಗಾರರೆಂದು ಕರೆಯುವುದಿಲ್ಲ, ಪಾರ್ಟ್‌ನರ್ ಎನ್ನುತ್ತವೆ. ಸ್ವತಂತ್ರ ವ್ಯಾಪಾರಸ್ಥ ಎಂಬ ಅರ್ಥ. ಕಾನೂನಿನ ದೃಷ್ಟಿಯಿಂದ ಆ ಪದದ ಉಪಯೋಗ ಬೇರೆ. ಮನಸ್ಸಿನ ಮೇಲೆ ಅದು ಮಾಡುವ ಕೆಲಸ ಇನ್ನೊಂದು. ಆಳಾದವನಿಗೆ ಪಗಾರ ಕಡಿಮೆಯಾದರೆ ಮಾಲೀಕ ಕಡಿಮೆ ಕೊಟ್ಟ ಎನ್ನುತ್ತಾನೆ. ಪಾಲುದಾರನಿಗೆ ಕಡಿಮೆಯಾದರೆ ತಾನೇ ಸಾಕಷ್ಟು ದುಡಿಯಲಿಲ್ಲ ಎನ್ನಬೇಕಾಗುತ್ತದೆ.

ದಿನದ ಗುರಿಯ ವಿಷಯವೂ ಹಾಗೆಯೇ. 1997ರಲ್ಲಿ ಕಾಲಿನ್ ಕ್ಯಾಮರರ್ ಮತ್ತು ಮೂವರು ಅರ್ಥಶಾಸ್ತ್ರಜ್ಞರು ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ದಾಖಲೆಗಳನ್ನು ನೋಡಿ ಒಂದು ಲೇಖನ ಬರೆದರು. ಸಂಪಾದನೆ ಚೆನ್ನಾಗಿರುವ ದಿನ ಚಾಲಕರು ಬೇಗ ಮನೆಗೆ ಹೋಗುತ್ತಾರೆ, ಸಪ್ಪೆ ದಿನ ಹೆಚ್ಚು ಹೊತ್ತು ಓಡಿಸುತ್ತಾರೆ, ಅಂದರೆ ಮನಸ್ಸಿನಲ್ಲಿ ದಿನಕ್ಕಿಷ್ಟು ಎಂಬ ಗುರಿ ಇದ್ದಂತೆ ಕಾಣುತ್ತದೆ ಎಂದರು. ಆ ತೀರ್ಮಾನದ ಬಗ್ಗೆ ಆಮೇಲೆ ಅರ್ಥಶಾಸ್ತ್ರಜ್ಞರಲ್ಲೇ ವಾದ ನಡೆದಿದೆ. ಆದರೆ ಹಳೆಯ ಚಾಲಕನ ಗುರಿ ಅವನದೇ ಆಗಿತ್ತು, ತಲುಪಿದರೆ ಮನೆ. ಈಗಿನ ಇನ್ಸೆಂಟಿವ್ ಪಟ್ಟಿ ಗುರಿಯನ್ನೂ ತಾನೇ ಇಡುತ್ತದೆ, ಹತ್ತಿರ ಬಂದವನಿಗೆ ಇನ್ನೆರಡೇ ಆರ್ಡರ್ ಎಂದು ನೆನಪಿಸುತ್ತದೆ. ಮೈ ಸಾಕೆನ್ನುವ ಹೊತ್ತಿನಲ್ಲಿ ಪರದೆ ಬೇಕೆನ್ನುತ್ತದೆ.

ಇದರ ಮೇಲೆ ನಗುವ ಕೆಲಸ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ವಿಮಾನದ ಗಗನಸಖಿಯರ ಬಗ್ಗೆ ಬರೆಯುತ್ತ, ಭಾವನೆಯನ್ನು ತಿದ್ದಿ ತೀಡಿ ಗಿರಾಕಿಗೆ ತೋರಿಸುವುದೂ ಒಂದು ದುಡಿಮೆ ಎಂದು ಹೆಸರಿಟ್ಟು ಹೇಳಿದರು. ಮಗ್ಗದ ಮುಂದೆ ನಿಂತವನು ನಗಬೇಕಾಗಿರಲಿಲ್ಲ. ನಮ್ಮ ಉಡುಪಿ ಹೋಟೆಲುಗಳ ಮಾಣಿಗಳು ನಗುತ್ತಿದ್ದರೋ ಇಲ್ಲವೋ, ಅದನ್ನು ಪ್ರತಿ ಇಡ್ಲಿಗೂ ಒಂದರಂತೆ ಯಾರೂ ಬರೆದಿಡಲಿಲ್ಲ. ಇವತ್ತು ನಾಲ್ಕನೆಯ ಮಹಡಿಗೆ ಲಿಫ್ಟ್ ಇಲ್ಲದೆ ಹತ್ತಿ ಬಂದ ಹುಡುಗನ ಮುಖದ ಮೇಲಿನ ದಣಿವೂ ನಕ್ಷತ್ರಗಳ ಲೆಕ್ಕಕ್ಕೆ ಸೇರಬಹುದು.

ಕೊನೆಯ ಭಯ ಐಡಿ ಬ್ಲಾಕ್ ಆಗುವುದು. ಯಾರೋ ದೂರಿದ್ದಾರೆ. ಏನೆಂದು ಗೊತ್ತಿಲ್ಲ, ಯಾರೆಂದೂ ಗೊತ್ತಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ ಕಾದಂಬರಿ ಬಂದದ್ದೂ 1979ರಲ್ಲೇ. ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ ನಾಗಪ್ಪ ಆರೋಪವೇನೆಂದು ತಿಳಿಯದೆ ಕೆಲಸದಿಂದ ಹೊರಗುಳಿದು, ತನ್ನ ಇಡೀ ಬದುಕನ್ನು ಕೆದಕಿಕೊಂಡು ತಪ್ಪು ಹುಡುಕುತ್ತಾನೆ. ಅಂದು ಅದನ್ನು ಓದುವಾಗ ಇದು ಮೇಲಿನ ಹುದ್ದೆಯವರ ಸಂಕಟ ಎನಿಸಿತ್ತು. ಈಗ ಅದೇ ಸಂಕಟ ಹೆಲ್ಮೆಟ್ಟು ಹಾಕಿಕೊಂಡು ನಮ್ಮ ಕಟ್ಟಡದ ಕೆಳಗೆ ನಿಂತಿದೆ.

ಹಳೆಯ ಗೇಟಿನ ಇನ್ನೊಂದು ಮುಖ

ಹಾಗೆಂದು ಹಳೆಯದೆಲ್ಲ ಚಂದವಿತ್ತು ಎನ್ನುವವನು ನಾನಲ್ಲ. ಜಾಬರ್ ತನ್ನ ಊರಿನವರನ್ನು, ತನ್ನ ಜಾತಿಯವರನ್ನು ಮೊದಲು ಕರೆಯುತ್ತಿದ್ದ. ದಲಿತರಿಗೆ ಗಿರಣಿಯ ನೇಯ್ಗೆ ವಿಭಾಗದಲ್ಲಿ ಜಾಗವೇ ಇರಲಿಲ್ಲ. ನೂಲು ಮುಗಿದಾಗ ಲಾಳಿಯ ತೂತಿನಿಂದ ಎಳೆಯನ್ನು ಬಾಯಿಂದ ಹೀರಿ ಎಳೆಯಬೇಕು, ಅದನ್ನು ಅವರು ಮುಟ್ಟಿದರೆ ಮೈಲಿಗೆ ಎಂಬುದು ಕಾರಣ. ಆ ವಿಭಾಗದಲ್ಲೇ ಕೂಲಿ ಹೆಚ್ಚು. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಡಾ. ಅಂಬೇಡ್ಕರ್ ಈ ಅನ್ಯಾಯವನ್ನು ಎತ್ತಿ ಆಡಿದರು.

ಆ್ಯಪ್ ಕೆಲಸಕ್ಕೆ ಸೇರಿಸಿಕೊಳ್ಳುವಾಗ ಲೈಸೆನ್ಸು, ಫೋನು, ಬೈಕು ಕೇಳುತ್ತದೆ. “ಇಲ್ಲಿ ಯಾರ ಮಗ, ಯಾವ ಓಣ್ಯಾಂವ ಅಂತ ಯಾರೂ ಕೇಳಂಗಿಲ್ಲ ಕಾಕಾ. ಬ್ಯಾಸರಾದ್ರ ಊರಿಗಿ ಹೋಗ್ತೀನಿ, ಬಂದು ಮತ್ತ ಚಾಲೂ ಮಾಡ್ತೀನಿ,” ಎಂದು ಅದೇ ಹುಡುಗ ಹೇಳಿದಾಗ ಅವನ ದನಿಯಲ್ಲಿ ಸುಳ್ಳಿರಲಿಲ್ಲ. ಸಾಹೇಬನಿಲ್ಲದ ಕೆಲಸದಲ್ಲಿ ಒಂದು ಮಾನವಿದೆ. ಅದನ್ನು ಕಡೆಗಣಿಸಿ ಇವರನ್ನು ಬರೀ ಬಲಿಪಶುಗಳೆಂದು ಬರೆದರೆ ಅವರೇ ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಆ ಸ್ವಾತಂತ್ರ್ಯ ಉಳಿದು ಈ ಭಯ ಹೋಗುವುದು. ಅದು ಆಗುವ ಮಾತೇ ಎಂದು ಕೇಳಿದರೆ, ಉತ್ತರಕ್ಕೆ ಮತ್ತೆ ಮುಂಬಯಿಯ ಚರಿತ್ರೆಗೇ ಹೋಗಬೇಕು.

ನಿರಾಶೆಗೆ ಕಟ್ಟಿದ ಬೆಲೆ

ಮೊದಲ ಹೆಜ್ಜೆ 1935ರದು. ಅಂದು ಮುಂಬಯಿಯ ಗಿರಣಿ ಮಾಲೀಕರ ಸಂಘ ಬದಲಿ ಕಾರ್ಡಿನ ಪದ್ಧತಿ ತಂದಿತು. ತಿಂಗಳ ಮೊದಲಿಗೆ ಗೊತ್ತಾದ ಸಂಖ್ಯೆಯ ಜನಕ್ಕೆ ಕಾರ್ಡು. ಅವರು ದಿನವೂ ಗೇಟಿಗೆ ಬರಬೇಕು. ಖಾಲಿಯಾದ ಜಾಗ ಅವರಿಗೇ. ಮಾಲೀಕರು ಇದನ್ನು ದಯೆಯಿಂದ ಮಾಡಲಿಲ್ಲ. ಅವರಿಗೆ ಪಳಗಿದ ಕೈ ಬೇಕಿತ್ತು, ಜಾಬರನ ಬಲ ಕುಗ್ಗಬೇಕಿತ್ತು. ಆದರೂ ಪರಿಣಾಮ ಒಂದಾಯಿತು. ಜಾಬರನ ಮರ್ಜಿಯ ಜಾಗದಲ್ಲಿ ಒಂದು ಪಟ್ಟಿ ಬಂತು. ಪಟ್ಟಿಯಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂಬುದು ಓದಿ ತಿಳಿಯುವ ಸಂಗತಿ, ಯಾರ ಮುಖ ನೋಡಿ ಊಹಿಸುವ ಸಂಗತಿಯಲ್ಲ.

ಎರಡನೆಯದು ಬಂದರಿನಲ್ಲಿ ನಡೆದದ್ದು, ನನಗೆ ಬಹಳ ಇಷ್ಟವಾದದ್ದು. ಮುಂಬಯಿಯ ಹಡಗುಕಟ್ಟೆಯಲ್ಲಿ ಟೋಳಿವಾಲರು ತಮ್ಮ ತಂಡಗಳನ್ನು ಕಟ್ಟಿಕೊಂಡು ಸರಕು ಇಳಿಸುತ್ತಿದ್ದರು. ಹಡಗು ಬಂದರೆ ಕೆಲಸ, ಬಾರದಿದ್ದರೆ ಇಲ್ಲ. 1948ರಲ್ಲಿ ಕೇಂದ್ರ ಸರ್ಕಾರ ಹಡಗುಕಟ್ಟೆ ಕಾರ್ಮಿಕರ ಉದ್ಯೋಗ ನಿಯಂತ್ರಣದ ಕಾಯಿದೆ ಮಾಡಿತು. 1951ರಲ್ಲಿ ಮುಂಬಯಿಗೆ ಅದರ ಯೋಜನೆ ಬಂತು, ಡಾಕ್ ಲೇಬರ್ ಬೋರ್ಡ್ ಬಂತು. ಕಾರ್ಮಿಕರು ನೋಂದಾಯಿತರಾದರು, ಸರದಿಯಂತೆ ಕೆಲಸ ಪಡೆದರು. ಬಂದು ಹಾಜರಿ ಹಾಕಿ ಕೆಲಸ ಸಿಗದೆ ಹೋದವನಿಗೆ ಹಾಜರಿ ಭತ್ಯೆ ಇತ್ತು. ಕೆಲಸಕ್ಕೆಂದು ಕರೆಸಿ, ಬಂದ ಮೇಲೆ ಕೆಲಸ ಶುರುವಾಗದೆ ಹಿಂದೆ ಕಳಿಸಿದರೆ ಅದಕ್ಕೊಂದು ಬೇರೆ ಹಣವಿತ್ತು. ಯೋಜನೆಯ ಇಂಗ್ಲಿಷ್ ನಿಯಮಗಳಲ್ಲಿ ಅದರ ಹೆಸರು ‘ಡಿಸಪಾಯಿಂಟ್‌ಮೆಂಟ್ ಮನಿ’. ಕನ್ನಡದಲ್ಲಿ ಹೇಳುವುದಾದರೆ ನಿರಾಶೆಯ ಹಣ.

ಸರ್ಕಾರಿ ನಿಯಮಾವಳಿಯಲ್ಲಿ ‘ನಿರಾಶೆ’ ಎಂಬ ಪದ! ಬದಲಿಯ ಡಬ್ಬಿ ಮೆಟ್ಟಿಲ ಮೇಲೆ ಖಾಲಿಯಾಗುತ್ತಿದ್ದಾಗ ಅವರ ಎದೆಯಲ್ಲಿದ್ದದ್ದಕ್ಕೆ ಬಂದರಿನ ಕಾನೂನು ಹೆಸರಿಟ್ಟಿತ್ತು, ಬೆಲೆಯನ್ನೂ ಕಟ್ಟಿತ್ತು. ಬೆಲೆ ದೊಡ್ಡದಲ್ಲ. ಆದರೆ ಕಾಯಿಸಿದವನು ಕೊಡಬೇಕು ಎಂದಾದ ಮೇಲೆ ಸುಮ್ಮನೆ ಕಾಯಿಸುವುದು ಕಡಿಮೆಯಾಗುತ್ತದೆ. ಕಾದವನಿಗೂ ಇದು ತನ್ನ ದುರದೃಷ್ಟವಲ್ಲ, ತನಗೆ ಬರಬೇಕಾದ ಬಾಕಿ ಎಂಬ ಭಾವ ಬರುತ್ತದೆ. ನಾಚಿಕೆ ಹಕ್ಕಾಗುವುದು ಹೀಗೆ.

ಮೂರನೆಯದು ಮಾಥಾಡಿಗಳದು. ಮಾಥಾ ಎಂದರೆ ತಲೆ. ತಲೆಯ ಮೇಲೆ ಹೊರೆ ಹೊರುವವರು ಮಾಥಾಡಿಗಳು. ಮಸೀದಿ ಬಂದರ್, ಮಾರುಕಟ್ಟೆ, ಗೋದಾಮುಗಳಲ್ಲಿ ಇವತ್ತು ಒಬ್ಬ ವ್ಯಾಪಾರಿ, ನಾಳೆ ಇನ್ನೊಬ್ಬ. ಯಾರೂ ಇವರ ಮಾಲೀಕರಲ್ಲ. ಅಣ್ಣಾಸಾಹೇಬ ಪಾಟೀಲರ ನಾಯಕತ್ವದಲ್ಲಿ ಇವರು ಸಂಘಟಿತರಾದರು, 1969ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಥಾಡಿ ಕಾಯಿದೆ ಮಾಡಿತು. ಅದರ ಉಪಾಯ ಸರಳ. ಮಾಲೀಕ ಯಾರೆಂದು ಜಗಳಾಡುತ್ತ ಕೂರುವುದು ಬೇಡ. ಕೆಲಸ ಮಾಡಿಸಿಕೊಂಡ ಪ್ರತಿಯೊಬ್ಬನೂ ಕೂಲಿಯನ್ನೂ ಅದರ ಮೇಲೆ ಇಷ್ಟು ಶೇಕಡಾ ಲೆವಿಯನ್ನೂ ಮಂಡಳಿಗೆ ಕಟ್ಟಲಿ. ಮಂಡಳಿ ಕೂಲಿ ಹಂಚುತ್ತದೆ, ಲೆವಿಯಿಂದ ಭವಿಷ್ಯನಿಧಿ, ರಜೆಯ ಪಗಾರ, ಔಷಧೋಪಚಾರ ನೋಡಿಕೊಳ್ಳುತ್ತದೆ. ಹಲವು ಯಜಮಾನರಿದ್ದರೂ, ದಿನಕ್ಕೊಂದು ಕಡೆ ಕೆಲಸವಿದ್ದರೂ, ಭದ್ರತೆ ಕೊಡಬಹುದೆಂದು ಈ ಕಾಯಿದೆ ತೋರಿಸಿತು.

ಇವು ಸ್ವರ್ಗವನ್ನೇನೂ ಇಳಿಸಲಿಲ್ಲ. ಬದಲಿ ಕಾರ್ಡು ಬಂದು ನಲವತ್ತೇಳು ವರ್ಷವಾದರೂ ಬದಲಿಗಳು ಬದಲಿಗಳಾಗಿಯೇ ಇದ್ದರು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರ ಹೂಡಿದಾಗ, ಬದಲಿಗಳನ್ನು ಕಾಯಂ ಮಾಡಬೇಕೆಂಬುದೂ ಒಂದು ಬೇಡಿಕೆಯಾಗಿತ್ತು. ಆ ಮುಷ್ಕರ ಯಾರೂ ಮುಗಿಯಿತೆಂದು ಹೇಳದೆಯೇ ಮುಗಿಯಿತು. ನಮ್ಮ ಎದುರು ಕೋಣೆಯವರು ಕೆಲವು ತಿಂಗಳು ಕಾದು, ಹೆಂಡತಿ ಮಕ್ಕಳೊಂದಿಗೆ ಊರಿಗೆ ಹೋದರು. ಕಾಯಂ ಆಗದಿದ್ದವರಿಗೆ ಹೋಗುವಾಗ ತೋರಿಸಲು ಹೆಚ್ಚಿನ ಕಾಗದವೂ ಇರಲಿಲ್ಲ.

ಹೊಸ ಕಾನೂನುಗಳು

2022ರ ಜೂನ್‌ನಲ್ಲಿ ನೀತಿ ಆಯೋಗ ಕೊಟ್ಟ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರು. 2029-30ಕ್ಕೆ ಅವರು 2.35 ಕೋಟಿ ಆಗಬಹುದು. ಗಿರಣಗಾಂವದ ಇಡೀ ಕಾರ್ಮಿಕ ಸಮೂಹ ಇದರ ಮುಂದೆ ಒಂದು ಮೂಲೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗಿಗ್ ಕೆಲಸಗಾರ, ಪ್ಲಾಟ್‌ಫಾರ್ಮ್ ಕೆಲಸಗಾರ ಎಂಬ ಪದಗಳಿಗೆ ಮೊದಲ ಬಾರಿ ಕೇಂದ್ರದ ಕಾನೂನಿನಲ್ಲಿ ಅರ್ಥ ಬಂತು. 2023ರಲ್ಲಿ ರಾಜಸ್ಥಾನ ಇವರಿಗಾಗಿಯೇ ಒಂದು ಕಾಯಿದೆ ಮಾಡಿದ ಮೊದಲ ರಾಜ್ಯವಾಯಿತು. 2025ರಲ್ಲಿ ನಮ್ಮ ಕರ್ನಾಟಕವೂ ಮಾಡಿತು.

ಕರ್ನಾಟಕದ ಕಾಯಿದೆಯನ್ನು ಓದುವಾಗ ನನಗೆ ಹಳೆಯ ಪರಿಚಯಸ್ಥರು ಕಂಡಂತಾಯಿತು. ಕೆಲಸಗಾರರ ನೋಂದಣಿ ಎಂದರೆ ಬದಲಿ ಕಾರ್ಡಿನ ಮೊಮ್ಮಗ. ಪ್ರತಿ ವಹಿವಾಟಿನಲ್ಲೂ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಆ್ಯಪ್ ಕಂಪನಿ ಮಂಡಳಿಗೆ ಕಟ್ಟಬೇಕು. ಇದು ಮಾಥಾಡಿ ಲೆವಿಯ ದಾರಿ. ಆದರೆ ಮನಸ್ಸಿಗೆ ನೇರ ತಾಗುವ ಕಲಮುಗಳು ಇನ್ನೆರಡು. ಒಂದು, ತೆಗೆದುಹಾಕುವುದಿದ್ದರೆ ಕಾರಣ ಬರೆದು 14 ದಿನ ಮುಂಚೆ ತಿಳಿಸಬೇಕು. ಇನ್ನೊಂದು, ಕೆಲಸ ಹಂಚುವ, ಅಳೆಯುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕೆಲಸಗಾರನಿಗೆ ತಿಳಿಸಬೇಕು. ನಾಗಪ್ಪನಂತೆ ಕತ್ತಲಲ್ಲಿ ತಪ್ಪು ಹುಡುಕಬೇಕಾಗಿಲ್ಲ ಎಂಬುದು ಮೊದಲನೆಯದರ ಅರ್ಥ. ಆ್ಯಪ್‌ಗೆ ಸಿಟ್ಟು ಬಂದಿದೆಯೋ ಎಂದು ಊಹಿಸಬೇಕಾಗಿಲ್ಲ ಎಂಬುದು ಎರಡನೆಯದರ ಅರ್ಥ. ಕಾನೂನು ಕಾಗದದಿಂದ ರಸ್ತೆಗೆ ಇಳಿಯಲು ಎಷ್ಟು ವರ್ಷ ಬೇಕೆಂಬುದನ್ನು ಗಿರಣಿಯ ಕಥೆ ನಮಗೆ ಹೇಳಿದೆ. ಆದರೂ ಇಂಥ ಮಾತುಗಳು ಕಾನೂನಿನ ಭಾಷೆಗೆ ಬಂದದ್ದೇ ಒಂದು ಘಟನೆ.

ಒಂದು ಮಾತ್ರ ಈ ಹೊಸ ಕಾನೂನುಗಳಲ್ಲಿ ಇನ್ನೂ ಇಲ್ಲ. ಅದು ಕಾಯುವುದಕ್ಕೆ ಬೆಲೆ. ಆರ್ಡರ್ ಹಿಡಿದಾಗಿನಿಂದ ಬಾಗಿಲಿಗೆ ಮುಟ್ಟಿಸುವವರೆಗಿನದು ಕೆಲಸ. ಅದರ ಹಿಂದಿನ ಎರಡು ಗಂಟೆ ಯಾರ ಲೆಕ್ಕಕ್ಕೂ ಇಲ್ಲ. ಆ ಎರಡು ಗಂಟೆಯೂ ಕಂಪನಿಯ ಕೆಲಸವೇ. ನೂರು ಹುಡುಗರು ಸಿದ್ಧರಾಗಿ ನಿಂತಿದ್ದಾರೆಂಬ ಕಾರಣಕ್ಕೇ ನಾವು ಗುಂಡಿ ಒತ್ತಿದ ಹತ್ತು ನಿಮಿಷಕ್ಕೆ ಹಾಲು ಬಾಗಿಲಿಗೆ ಬರುತ್ತದೆ. ನಮ್ಮ ಅವಸರವನ್ನು ಅವರ ಬಿಡುವು ಹೊತ್ತು ನಡೆಸುತ್ತಿದೆ.

ಅದಕ್ಕೇ ಮನಸ್ಸಿನ ಆರೋಗ್ಯದ ಮಾತು ಬಂದಾಗ ನಾನು ಬಂದರಿನ ಆ ಹಳೆಯ ನಿಯಮವನ್ನು ನೆನೆಯುತ್ತೇನೆ. ಹೊರೆ ಹೊರುವವರ ನಿರಾಶೆಗೆ ಕೂಡ ಒಂದು ದರ ಇರಬೇಕೆಂದು ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ, ಕೈಯಲ್ಲಿ ಕಾಸಿಲ್ಲದ ಒಂದು ದೇಶ ಬರೆದಿಟ್ಟಿತು. ಪ್ರತಿ ಹುಡುಗ ಯಾವ ಮೂಲೆಯಲ್ಲಿ ಎಷ್ಟು ನಿಮಿಷ ನಿಂತಿದ್ದನೆಂದು ಅಂದಿನ ಬೋರ್ಡಿಗೆ ತಿಳಿಯುವ ದಾರಿಯಿರಲಿಲ್ಲ. ಹಾಜರಿ ಪುಸ್ತಕವೊಂದೇ ಆಧಾರ. ಇವತ್ತು ಆ ನಿಮಿಷಗಳ ಲೆಕ್ಕವೆಲ್ಲ ಫೋನಿನಲ್ಲೇ ಇದೆ. ಗುಣಿಸುವುದೊಂದು ಬಾಕಿ.